ಪ್ರತಿಕ್ರಿಯೆ: ದೀರ್ಘ ಓಟದ ನಂತರ ಲಿಂಫೋಸೈಟ್ ಎಣಿಕೆ ಇಳಿಯುವುದರ ಬಗ್ಗೆ

ನಮಸ್ಕಾರ. ಮ್ಯಾರಥಾನ್ ತಯಾರಿಯ ದೀರ್ಘ ಓಟ ಮುಗಿದ ಎರಡು ಗಂಟೆಗೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಲಿಂಫೋಸೈಟ್ (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಕಡಿಮೆ ಬಂದಿದೆ, ಓಟದಿಂದ ರೋಗನಿರೋಧಕ ಶಕ್ತಿ ಕುಗ್ಗುತ್ತಿದೆಯೇ ಎಂದು ಕೇಳಿದ್ದೀರಿ. ಆ ಒಂದು ಅಂಕಿಯಿಂದ ಹಾಗೆ ತೀರ್ಮಾನಿಸಲಾಗದು. ಓಡುವಾಗ ಅಡ್ರಿನಲಿನ್ ಏರಿ, ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡಿದ್ದ ಎನ್‌ಕೆ ಕೋಶಗಳೂ ಕೆಲವು ಬಗೆಯ ಟಿ ಕೋಶಗಳೂ (ಇವೆರಡೂ ಲಿಂಫೋಸೈಟ್‌ನ ಬಗೆಗಳೇ) ಕಳಚಿಕೊಂಡು ರಕ್ತಪ್ರವಾಹ ಸೇರುತ್ತವೆ. ಓಟ ನಿಂತ ಒಂದೆರಡು ಗಂಟೆಗಳಲ್ಲಿ ಅವು ರಕ್ತದಿಂದ ಹೊರಟು ಅಂಗಾಂಶಗಳತ್ತ ಸಾಗುವುದರಿಂದ ಎಣಿಕೆ ಮೊದಲಿದ್ದ ಮಟ್ಟಕ್ಕಿಂತಲೂ ಕೆಳಗಿಳಿದು, ಸಾಮಾನ್ಯವಾಗಿ 24 ಗಂಟೆಯೊಳಗೆ ಸರಿಹೋಗುತ್ತದೆ. ಠಾಣೆಯಲ್ಲಿ ಪೊಲೀಸರು ಕಾಣದಿದ್ದರೆ ಗಸ್ತಿಗೆ ಹೋಗಿರಬಹುದಲ್ಲವೇ? ಈ ಕೋಶಗಳು ಶ್ವಾಸಕೋಶ ಮತ್ತು ಕರುಳಿನತ್ತ ಹೋಗುವುದನ್ನು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದ್ದಾರೆ.

ತಮ್ಮ ಭಯಕ್ಕೆ ಆಧಾರವೇ ಇಲ್ಲವೆಂದಲ್ಲ. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ನಂತರದ ವಾರದಲ್ಲಿ ಓಡಿದವರ ಪೈಕಿ ಶೇ. 12.9 ಮಂದಿ ಸೋಂಕಿನ ಲಕ್ಷಣಗಳನ್ನು ಹೇಳಿಕೊಂಡರೆ, ಅಷ್ಟೇ ಅಭ್ಯಾಸವಿದ್ದೂ ಓಡದವರಲ್ಲಿ ಆ ಪ್ರಮಾಣ ಶೇ. 2.2 ಮಾತ್ರ ಇತ್ತು. ಆದರೆ ಅವು ಓಟಗಾರರೇ ವರದಿ ಮಾಡಿದ ಲಕ್ಷಣಗಳು, ಪ್ರಯೋಗಾಲಯದಲ್ಲಿ ದೃಢಪಟ್ಟ ಸೋಂಕುಗಳಲ್ಲ. ಜನಸಂದಣಿ, ಪ್ರಯಾಣ, ನಿದ್ದೆಗೇಡುಗಳ ಪಾಲನ್ನೂ ಮರೆಯಬಾರದು. ನನ್ನ ದೃಷ್ಟಿಯಲ್ಲಿ ನಿದ್ದೆಗೇಡೇ ಹೆಚ್ಚು ಗಮನಿಸಬೇಕಾದದ್ದು.

ಒಂದೆರಡು ದಿನ ವಿಶ್ರಾಂತಿ ಪಡೆದು, ಬೆಳಿಗ್ಗೆ ಓಡುವ ಮೊದಲು ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಆಗಲೂ ಎಣಿಕೆ ಕಡಿಮೆಯಿದ್ದರೆ ವೈದ್ಯರನ್ನು ಕಾಣಲೇಬೇಕು. ಜ್ವರವಿದ್ದಾಗ ಮಾತ್ರ ದಯವಿಟ್ಟು ಓಡಬೇಡಿ, ಏಕೆಂದರೆ ವೈರಾಣು ಸೋಂಕು ಹೃದಯದ ಸ್ನಾಯುವಿಗೂ ತಗುಲಿದ್ದರೆ ಶ್ರಮವು ಅಪಾಯ ತರಬಲ್ಲದು.