ಪ್ರತಿಕ್ರಿಯೆ: ಒಂದೇ ಕಡ್ಡಿ ಸಿಗ್ನಲ್ಲಿನಲ್ಲಿ ಲಿನಕ್ಸ್ ಕರ್ನೆಲ್ ಮೇಲ್‌ಗಳು

ಲಿನಕ್ಸ್ ಕರ್ನೆಲ್ ಲಿಸ್ಟಿಗೆ (ಲಿನಕ್ಸ್‌ನ ತಿರುಳು ಕೋಡ್ ಬರೆಯುವವರು ಮೇಲ್‌ನಲ್ಲೇ ಚರ್ಚಿಸುವ ಗುಂಪು) ಸೇರಿದ ಮೇಲೆ ಜಿಮೇಲ್ ಪುಟವೇ ತೆರೆಯುತ್ತಿಲ್ಲ, ತೋಟದ ಮನೆಯಲ್ಲಿ ನೆಟ್ ಪದೇ ಪದೇ ಕಟ್ ಆಗುತ್ತದೆ ಅಂತ ಕೇಳಿದ್ದೀರಿ. ನಮ್ಮೂರಲ್ಲೂ ಇದೇ ಪಾಡು. ಮಳೆ ಶುರುವಾದರೆ ಮಾಳಿಗೆ ಕಿಟಕಿಯಲ್ಲಿ ಫೋನ್ ಇಟ್ಟು ಹಾಟ್‌ಸ್ಪಾಟ್ ಹಾಕಬೇಕು.

ಮೊದಲು ಬ್ರೌಸರ್ ಬಿಡಿ, ಥಂಡರ್‌ಬರ್ಡ್ ಅನ್ನುವ ಮೇಲ್ ತಂತ್ರಾಂಶ ಹಾಕಿಕೊಳ್ಳಿ. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಇಷ್ಟು ಕೆಬಿಗಿಂತ ದೊಡ್ಡ ಮೇಲ್ ಇಳಿಸಬೇಡ ಅನ್ನುವ ಆಯ್ಕೆ ಇದೆ, 50 ಅಂತ ಕೊಡಿ. ಪ್ಯಾಚ್‌ಗಳೆಲ್ಲ, ಅಂದರೆ ಕೋಡ್ ತಿದ್ದುಪಡಿಗಳೆಲ್ಲ, ಬರೀ ಅಕ್ಷರ, ಹೆಚ್ಚಿನವು ಅಷ್ಟರಲ್ಲೇ ಮುಗಿಯುತ್ತವೆ. ನೆಟ್ ತಿನ್ನುವುದು ಅಟ್ಯಾಚ್‌ಮೆಂಟು. 3 ಎಂಬಿ ಫೋಟೋ ಮೇಲಿನೊಳಗೆ ಹೋಗುವಾಗ ಸುಮಾರು 4 ಎಂಬಿ ಆಗುತ್ತದೆ, ಯಾಕಂದ್ರೆ ಪ್ರತಿ ಮೂರು ಬೈಟನ್ನು ನಾಲ್ಕು ಅಕ್ಷರವಾಗಿ ಬರೆಯಬೇಕು.

ಡೈಜೆಸ್ಟ್ (ಹಲವು ಮೇಲ್ ಸೇರಿಸಿ ಒಂದೇ ಮೇಲಾಗಿ ಕಳಿಸುವುದು) ಹಾಕಿಕೊಳ್ಳಿ ಅಂತ ಯಾರಾದರೂ ಹೇಳಬಹುದು. ಬರೀ ಓದುವವರಿಗೆ ಸರಿ, ಆದರೆ ಅದಕ್ಕೆ ಉತ್ತರ ಬರೆದರೆ ಥ್ರೆಡ್, ಅಂದರೆ ಒಂದೇ ವಿಷಯದ ಮೇಲ್‌ಗಳ ಸರಣಿ, ಕಡಿದುಹೋಗುತ್ತದೆ, ಬೈಸಿಕೊಳ್ಳುವುದು ನೀವೇ.

ನನ್ನ ಕೇಳಿದರೆ ಕರ್ನೆಲ್ ಲಿಸ್ಟಿಗೆ ಚಂದಾದಾರರಾಗುವುದೇ ಬೇಡ. ಅಷ್ಟೂ ಮೇಲ್ ಲೋರ್ (lore.kernel.org) ಅನ್ನುವ ಆನ್‌ಲೈನ್ ಸಂಗ್ರಹದಲ್ಲಿ ಸಿಗುತ್ತವೆ, ಅದನ್ನು ಎನ್‌ಎನ್‌ಟಿಪಿ ಮೂಲಕವೂ ಓದಬಹುದು. ಹಳೇ ನ್ಯೂಸ್‌ಗ್ರೂಪು, ಅಂದರೆ ನೆಟ್‌ನ ಚರ್ಚಾ ಗುಂಪುಗಳನ್ನು ಓದುತ್ತಿದ್ದ ದಾರಿ ಅದು, ಥಂಡರ್‌ಬರ್ಡಿಗೆ ಇನ್ನೂ ಗೊತ್ತು. ಮೊದಲು ಶೀರ್ಷಿಕೆಗಳು ಮಾತ್ರ ಇಳಿಯುತ್ತವೆ, ನೀವು ಒತ್ತಿದ್ದರ ಒಡಲು ಆಮೇಲೆ. ಮೊದಲ ಸಲ ಎಷ್ಟು ಶೀರ್ಷಿಕೆ ಬೇಕು ಅಂತ ಕೇಳುತ್ತದೆ, ಸುಮ್ನೆ ಎಲ್ಲಾ ಅಂದುಬಿಡಬೇಡಿ, 200 ಸಾಕು.

ಉತ್ತರಗಳನ್ನು ಆಫ್‌ಲೈನಲ್ಲೇ ಬರೆದು ಔಟ್‌ಬಾಕ್ಸಿಗೆ ಹಾಕಿಡಿ. ನಾನು ಬೆಳಗಿನ ಜಾವ ಐದಕ್ಕೆ ಎದ್ದು ಕಳಿಸುತ್ತೇನೆ, ಆಗ ಟವರ್ ಖಾಲಿ ಇರುತ್ತದೆ, ಕರೆಂಟೂ ಇರುತ್ತದೆ.