ಬರಹಗಾರರಿಗೆ ಸಲಹೆ: ಐದು ಜಿಗ್ ಬೇಡ, ಒಂದು ಸ್ಲೆಡ್ ಸಾಕು

ಮಾನ್ಯರೇ,

‘ಮನೆಯಲ್ಲೇ ಮಾಡಿ ಟೇಬಲ್ ಸಾ ಜಿಗ್‌ಗಳು’ ಎಂಬ ನಿಮ್ಮ ಲೇಖನ, ಅಂದರೆ ಮೇಜಿನಿಂದ ಬ್ಲೇಡು ಮೇಲೆ ಚಾಚಿರುವ ಯಂತ್ರದಲ್ಲಿ ಕಟ್ಟಿಗೆಯನ್ನು ಹಿಡಿದು ನಡೆಸುವ ಸಾಧನಗಳನ್ನು ಮಾಡುವ ಬಗೆ, ಕೈಸೇರಿದೆ. ಈಗಿರುವ ಹಾಗೆ ಅದನ್ನು ಹಾಕಲು ಬರುವುದಿಲ್ಲ. ತಿದ್ದಿ ಕಳಿಸಿದರೆ ಮಾತ್ರ ಖಂಡಿತ ಓದುತ್ತೇವೆ. ಬರೆದವರು ಕಟ್ಟಿಗೆ ಕೊಯ್ದವರೇ ಅನ್ನುವುದು ಒಂದು ಕಡೆ ಸ್ಪಷ್ಟವಾಗಿ ಗೊತ್ತಾಗುತ್ತದೆ: ತುಂಡುಗಳೆಲ್ಲ ಒಂದೇ ಉದ್ದ ಬರಲು ಹಲಗೆಯ ತುದಿ ತಾಗಿಸುವ ಸ್ಟಾಪ್ ಬ್ಲಾಕ್‌ನ ಕೆಳಗಿನ ಅಂಚನ್ನು ಸ್ವಲ್ಪ ಹೆರೆದು ಓರೆ ಮಾಡಿರಿ, ಇಲ್ಲವಾದರೆ ಅಲ್ಲಿ ಹೊಟ್ಟು ಕೂತು ತುಂಡುಗಳು ಕೂದಲೆಳೆಯಷ್ಟು ಗಿಡ್ಡ ಬರುತ್ತವೆ ಎಂದಿದ್ದೀರಿ. ಏನು ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ, ಯಾಕಾಗುತ್ತದೆ, ಮೂರೂ ಆ ಒಂದು ವಾಕ್ಯದಲ್ಲಿವೆ. ಉಳಿದ ಪುಟಗಳಲ್ಲಿ ಮೊದಲನೆಯದು ಮಾತ್ರ ಇದೆ.

ಕ್ರಾಸ್‌ಕಟ್ ಸ್ಲೆಡ್ (ಅಡ್ಡಕ್ಕೆ ಕೊಯ್ಯಲು ಹಲಗೆಯನ್ನು ಹೊತ್ತು ಟೇಬಲ್ಲಿನ ಮೇಲೆ ಜಾರುವ ತಳ), ಟೇಪರ್ ಜಿಗ್, ಟೆನನ್ ಜಿಗ್, ಫೆದರ್‌ಬೋರ್ಡ್, ಪುಶ್ ಸ್ಟಿಕ್ ಎಂದು ಐದನ್ನು ಒಂದೇ ಲೇಖನಕ್ಕೆ ತುರುಕಿದ್ದೀರಿ. ಒಂದೊಂದಕ್ಕೆ ಎರಡು ಪ್ಯಾರಾ ಸಿಕ್ಕಿದೆ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಅನ್ನುತ್ತಾರಲ್ಲ, ಇಲ್ಲಿ ಆ ಮುತ್ತು ಸ್ಲೆಡ್. ಪುಶ್ ಸ್ಟಿಕ್ ಒಂದನ್ನು ಅದರ ಜೊತೆಗೆ ಉಳಿಸಿಕೊಳ್ಳಿ, ಬೇರೆಯವುಗಳನ್ನು ಮುಂದಿನ ಲೇಖನಗಳಿಗೆ ಇಟ್ಟುಕೊಳ್ಳಿ. ಸ್ಲೆಡ್ ಸರಿಯಾಗಿ ಮಾಡಿಕೊಂಡ ಓದುಗನಿಗೆ ಮಿಕ್ಕ ಜಿಗ್‌ಗಳ ಭಾಗಗಳನ್ನು ಅದರ ಮೇಲೆಯೇ ಕೊಯ್ದುಕೊಳ್ಳಲು ಬರುತ್ತದೆ.

‘ಮುಕ್ಕಾಲು ಇಂಚಿನ ರನ್ನರ್ ಪಟ್ಟಿಯನ್ನು ಮೈಟರ್ ಸ್ಲಾಟ್‌ನಲ್ಲಿ ಕೂರಿಸಿ’ ಎಂದು ಶುರುವಿನಲ್ಲೇ ಬರೆದಿದ್ದೀರಿ. ರನ್ನರ್ ಅಂದರೆ ಸ್ಲೆಡ್‌ನ ಅಡಿಯ ಜಾರುಪಟ್ಟಿ, ಮೈಟರ್ ಸ್ಲಾಟ್ ಅಂದರೆ ಟೇಬಲ್ಲಿನಲ್ಲಿ ಅದು ಓಡುವ ತೋಡು ಎಂದು ಹೇಳಬೇಕಿತ್ತು. ಅದೂ ಯಾವ ಯಂತ್ರದ ಸ್ಲಾಟ್? ಮುಕ್ಕಾಲು ಇಂಚು ಅಗಲ, ಮೂರು ಸೂತು ಆಳ, ಅಂದರೆ ಸುಮಾರು 19 ಮತ್ತು 9.5 ಮಿ.ಮೀ., ಇದು ಅಮೆರಿಕದ ರೂಢಿಯ ಅಳತೆ. 10 ಇಂಚಿನ ಬ್ಲೇಡಿನ ಅನೇಕ ಯಂತ್ರಗಳಲ್ಲಿ ಇದೇ ಇರುತ್ತದೆ, ಸಣ್ಣ ಯಂತ್ರಗಳಲ್ಲಿ ಸ್ಲಾಟ್ ಇನ್ನೂ ಕಿರಿದಾಗಿರಬಹುದು. ಆದರೆ ಗೋಕಾಕ, ಜಮಖಂಡಿ, ಸಿಂದಗಿ ಕಡೆಯ ನಮ್ಮ ಓದುಗರಲ್ಲಿ ಬಹಳ ಮಂದಿಯ ಹತ್ತಿರ ಇರುವುದು 7 ಇಂಚಿನ ಕೈ ಕಟ್ಟರ್ ಮಶೀನನ್ನು ಪ್ಲೈವುಡ್ ಟೇಬಲ್ಲಿನ ಅಡಿಗೆ ಮಗುಚಿ ಬಿಗಿದದ್ದು. ಅದರಲ್ಲಿ ಸ್ಲಾಟೇ ಇಲ್ಲ. ಅಂಥವರಿಗೆ ದಾರಿ ಇದೆ: ಟೇಬಲ್ಲಿನ ಎಡ ಅಂಚು ನೇರವಿದ್ದು ಬ್ಲೇಡಿಗೆ ಸಮಾನಾಂತರವಾಗಿದ್ದರೆ, ಆ ಅಂಚಿಗೆ ಹೊರಗಿನಿಂದ ತಾಗಿ ಜಾರುವ ಹಾಗೆ ಸ್ಲೆಡ್‌ನ ಅಡಿಗೆ ಒಂದು ಪಟ್ಟಿ ಬಿಗಿದರೆ ಆಯಿತು. ಇದನ್ನು ಬರೆಯದೆ ಹೋದರೆ ಅರ್ಧದಷ್ಟು ಓದುಗರು ಮೊದಲ ಪ್ಯಾರಾದಲ್ಲೇ ಪುಟ ತಿರುವುತ್ತಾರೆ.

ಅದಕ್ಕೂ ಮೊದಲು ಬರಬೇಕಾದ ಮಾತೊಂದನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಬ್ಲೇಡು ಸ್ಲಾಟಿಗೆ ಸಮಾನಾಂತರವಾಗಿದೆಯೇ? ಪ್ಲಗ್ ಕಿತ್ತು, ಬ್ಲೇಡನ್ನು ಪೂರ್ತಿ ಮೇಲೆತ್ತಿ, ಒಂದು ಹಲ್ಲಿಗೆ ಮಾರ್ಕರ್ ಹಚ್ಚಬೇಕು. ಆ ಹಲ್ಲನ್ನು ಮುಂದೆ ತಂದು ಸ್ಲಾಟಿನಿಂದ ಅದರ ದೂರ ಅಳೆಯಬೇಕು, ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಅಳೆಯಬೇಕು. ಬೇರೆ ಬೇರೆ ಹಲ್ಲು ಹಿಡಿದು ಅಳೆದರೆ ಬ್ಲೇಡಿನ ಸೊಟ್ಟವೂ ಲೆಕ್ಕದಲ್ಲಿ ಸೇರಿಬಿಡುತ್ತದೆ. ವ್ಯತ್ಯಾಸ 0.1 ಮಿ.ಮೀ. ಒಳಗಿದ್ದರೆ ಮುಂದಕ್ಕೆ ಹೋಗಬಹುದು. ಅದಕ್ಕಿಂತ ಹೆಚ್ಚಿದ್ದರೆ ಎಂಥ ಸ್ಲೆಡ್ ಮಾಡಿದರೂ ಬ್ಲೇಡಿನ ಹಿಂದಿನ, ಅಂದರೆ ನಿಮ್ಮಿಂದ ದೂರದ, ಹಲ್ಲುಗಳು ಕೊಯ್ದ ಮುಖವನ್ನು ಮತ್ತೆ ಗೀರುತ್ತವೆ, ಕಟ್ಟಿಗೆಯ ಮೇಲೆ ಸುಟ್ಟ ಕಲೆ ಬೀಳುತ್ತದೆ, ಓದುಗ ನಿಮ್ಮ ಸ್ಲೆಡ್ಡನ್ನು ಬೈಯುತ್ತಾನೆ.

ಈಗ ರನ್ನರ್ ಪಟ್ಟಿ. ‘ಅತಿ ಬಿಗಿಯೂ ಬೇಡ, ಅತಿ ಸಡಿಲವೂ ಬೇಡ’ ಎಂಬ ನಿಮ್ಮ ವಾಕ್ಯವನ್ನು ಹೊಡೆದುಹಾಕಿದ್ದೇವೆ. ಅದು ಎಲ್ಲರಿಗೂ ಗೊತ್ತಿರುವ ಮಾತು, ಯಾರಿಗೂ ಉಪಯೋಗಕ್ಕೆ ಬಾರದ್ದು. ಬರೆಯಬೇಕಾದದ್ದು ಇದು: ಸಾಗವಾನಿ ಪಟ್ಟಿ ಅಗಲದಲ್ಲಿ ತೇವ ಕುಡಿದು ಉಬ್ಬುತ್ತದೆ, ಉದ್ದದಲ್ಲಿ ಅಷ್ಟಾಗಿ ಅಲ್ಲ. ಕಟ್ಟಿಗೆಯ ತೇವ ನಾಲ್ಕು ಶೇಕಡಾ ಏರಿದರೆ 19 ಮಿ.ಮೀ. ಅಗಲದ ಪಟ್ಟಿ ಸುಮಾರು 0.1 ಮಿ.ಮೀ. ಉಬ್ಬುತ್ತದೆ. ನಾವು ಸ್ಲಾಟಿನಲ್ಲಿ ಬಿಡುವ ಸಡಿಲವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ನುಣುಪಾಗಿ ಜಾರುವಂತೆ ಕೂರಿಸಿದ ಪಟ್ಟಿ ಬೆಳಗಾವಿಯ ಜುಲೈ ಮಳೆಯಲ್ಲಿ ಸ್ಲಾಟಿನೊಳಗೇ ಕಚ್ಚಿಕೊಳ್ಳುತ್ತದೆ. ಇತ್ತ ಮಳೆಗಾಲದಲ್ಲಿ ಕೂರಿಸಿದ್ದು ಬೇಸಿಗೆಗೆ ಲಟಪಟ ಅನ್ನುತ್ತದೆ. ಪಟ್ಟಿಯ ಅಗಲಕ್ಕೆ ಕ್ವಾರ್ಟರ್ ಸಾನ್ ಮುಖ (ಮರದ ಬಳೆಗಳು ಮುಖಕ್ಕೆ ನೆಟ್ಟಗೆ ನಿಂತಿರುವುದು) ಬರುವ ಹಾಗೆ ಕೊಯ್ದುಕೊಂಡರೆ ಉಬ್ಬು ಬಹಳಷ್ಟು ಕಡಿಮೆ. ಇನ್ನೂ ನಿಶ್ಚಿಂತೆ ಬೇಕಿದ್ದರೆ ಮುಕ್ಕಾಲು ಇಂಚು ಅಗಲ, ಕಾಲು ಇಂಚು ದಪ್ಪದ ಅಲ್ಯುಮಿನಿಯಂ ಪಟ್ಟಿ ತರಬೇಕು. ಬೆಳಗಾವಿಯ ಉದ್ಯಮಬಾಗದಂಥ ಕಡೆ ಫೌಂಡ್ರಿ, ಮಶೀನ್ ಶಾಪ್‌ಗಳ ನಡುವೆ ಇಂಥ ಪಟ್ಟಿ ಹುಡುಕುವುದು ಕಷ್ಟವಲ್ಲ. ಅಂಗಡಿಗೆ ಹೋಗುವಾಗ ವರ್ನಿಯರ್ ಕ್ಯಾಲಿಪರ್ ಜೇಬಿನಲ್ಲಿರಲಿ. ಪಟ್ಟಿ ಸ್ವಲ್ಪ ಸಡಿಲವಾದರೆ ಅದರ ಪಕ್ಕದ ಮುಖದ ಮೇಲೆ ಸೆಂಟರ್ ಪಂಚ್‌ನಿಂದ ಅಲ್ಲಲ್ಲಿ ಒಂದು ಏಟು ಹಾಕಿದರೆ ಚುಕ್ಕೆಯ ಸುತ್ತ ಲೋಹ ಎದ್ದು ಸಡಿಲ ತುಂಬುತ್ತದೆ. ಇದು ಕಟ್ಟಿಗೆ ಪಟ್ಟಿಗೆ ಆಗದ ಉಪಾಯ.

ಎರಡೂ ಸ್ಲಾಟಿಗೆ ಎರಡು ಬಿಗಿ ಪಟ್ಟಿ ಎಂದು ಚಿತ್ರದಲ್ಲಿ ತೋರಿಸಿದ್ದೀರಿ. ಹೊಸಬರಿಗೆ ಅದು ಬೇಡ ಎಂಬುದು ನಮ್ಮ ಅಭಿಪ್ರಾಯ. ಎರಡು ಪಟ್ಟಿಗಳ ನಡುವಿನ ದೂರ ಚೂರು ತಪ್ಪಿದರೂ ಸ್ಲೆಡ್ ಅರ್ಧಕ್ಕೆ ಸಿಕ್ಕಿಬೀಳುತ್ತದೆ. ಒಂದು ಬಿಗಿ ಇರಲಿ, ಇನ್ನೊಂದನ್ನು ಅರ್ಧ ಮಿ.ಮೀ. ಕಿರಿದು ಮಾಡಿ, ಅದು ತೂಕ ಹೊರಲಷ್ಟೇ ಇರಲಿ. ಪಟ್ಟಿ ಅಂಟಿಸುವ ಬಗೆಯನ್ನೂ ಬಿಡಿಸಿ ಬರೆಯಿರಿ: ಪಟ್ಟಿ 8 ಮಿ.ಮೀ. ದಪ್ಪದ್ದು, ಸ್ಲಾಟ್ 9.5 ಆಳದ್ದು. ಅಡಿಗೆ 2 ಮಿ.ಮೀ. ವಾಷರ್ ಇಟ್ಟರೆ ಪಟ್ಟಿ ಟೇಬಲ್ ಮಟ್ಟದಿಂದ ಅರ್ಧ ಮಿ.ಮೀ. ಮೇಲೇಳುತ್ತದೆ. ಫೆವಿಕಾಲ್‌ನ ತೆಳು ಗೆರೆ ಎಳೆದು, ಸ್ಲೆಡ್‌ನ ತಳವನ್ನು ಅದರ ಮೇಲಿಟ್ಟು ಭಾರ ಹೇರಿ, ಅಂಟು ಪೂರ್ತಿ ಒಣಗಿದ ಮೇಲೆ ಕೆಳಗಿನಿಂದ ಸ್ಕ್ರೂ. 12 ಮಿ.ಮೀ. ತಳಕ್ಕೆ 16 ಮಿ.ಮೀ. ಸ್ಕ್ರೂ ಸಾಕು, 25ರದ್ದು ಹಾಕಿದರೆ ಮೊನೆ ಮೇಲೆ ಬರುತ್ತದೆ. ಮೊದಲೇ ತೂತು ಕೊರೆಯದೆ ತಿರುಗಿಸಿದರೆ ಸ್ಕ್ರೂ ಇರುವ ಕಡೆ ಪಟ್ಟಿ ಹೊಟ್ಟೆ ಬಿಡುತ್ತದೆ, ಸರಿಯಾಗಿ ಜಾರುತ್ತಿದ್ದ ಸ್ಲೆಡ್ ಸ್ಕ್ರೂ ಹಾಕಿದ ಮೇಲೆ ಬಿಗಿಯಾಗುವುದು ಇದೇ ಕಾರಣಕ್ಕೆ. ಪಟ್ಟಿಯ ಪಕ್ಕಕ್ಕೆ ಪೆನ್ಸಿಲ್ ಗೀಚಿ ನಾಲ್ಕು ಸಲ ಓಡಿಸಿದರೆ ಉಜ್ಜುವ ಜಾಗ ಮಿಂಚುತ್ತದೆ, ಅಷ್ಟನ್ನೇ ಹೆರೆಯಬೇಕು. ಕೊನೆಗೆ ಮೇಣಬತ್ತಿ ಸವರಿ. ನೀವು ಹೇಳಿದ ಎಂಜಿನ್ ಎಣ್ಣೆ ಖಂಡಿತ ಬೇಡ: ಕಟ್ಟಿಗೆ ಅದನ್ನು ಹೀರುತ್ತದೆ, ಹೊಟ್ಟು ಅಂಟುತ್ತದೆ, ಎಣ್ಣೆ ತಾಗಿದ ಕಡೆ ಪಾಲಿಶ್ ಹಿಡಿಯುವುದಿಲ್ಲ.

ಸಾಮಗ್ರಿ ಪಟ್ಟಿಯಲ್ಲಿ ‘ಬೇಕಾದಷ್ಟು ಪ್ಲೈವುಡ್’ ಎಂದಿದೆ. ಬೇಕಾದಷ್ಟು ಅಂದರೆ ಎಷ್ಟು? 12 ಮಿ.ಮೀ. ಪ್ಲೈ 600 × 450 ಒಂದು, ತಳಕ್ಕೆ. 18 ಮಿ.ಮೀ. ಪ್ಲೈ 600 × 100 ನಾಲ್ಕು, ಎರಡೆರಡನ್ನು ಅಂಟಿಸಿದರೆ 36 ಮಿ.ಮೀ. ದಪ್ಪದ ಎರಡು ಫೆನ್ಸ್ (ತಳದ ಮೇಲೆ ನಿಲ್ಲಿಸುವ ಅಡ್ಡ ಹಲಗೆ). 450 ಉದ್ದದ ರನ್ನರ್ ಎರಡು. 38 ಮಿ.ಮೀ. ಸ್ಕ್ರೂ ಒಂದು ಡಜನ್, 16ರದ್ದು ಇನ್ನೊಂದು ಡಜನ್. ಹಿಂದಿನ, ಅಂದರೆ ನಿಮ್ಮ ಕಡೆಯ, ಫೆನ್ಸಿನಿಂದ ಬ್ಲೇಡು ಹೊರಬರುವ ಕಡೆ ಅಂಟಿಸಲು 75 ಮಿ.ಮೀ. ದಪ್ಪದ ಒಂದು ಮರದ ಗಟ್ಟಿ, ನಿಮ್ಮ ಚಿತ್ರದಲ್ಲಿ ಇದು ಇಲ್ಲವೇ ಇಲ್ಲ, ಹೆಬ್ಬೆರಳು ಇರುವುದು ಸರಿಯಾಗಿ ಅದೇ ಜಾಗದಲ್ಲಿ. ಇಷ್ಟಕ್ಕೆ ಎಂಟು ನಾಲ್ಕು ಅಡಿಯ ಹಾಳೆ ಕೊಳ್ಳಬೇಕಿಲ್ಲ, ಫರ್ನಿಚರ್ ಮಾಡುವ ಬಡಿಗೇರರ ಹತ್ತಿರ ಉಳಿದ ತುಂಡು ಸಿಗುತ್ತವೆ ಎಂದೂ ಸೇರಿಸಿ. ಸೊಟ್ಟಗಿರುವ ತುಂಡು ಮಾತ್ರ ಪುಕ್ಕಟೆ ಕೊಟ್ಟರೂ ಬೇಡ.

ಜೋಡಿಸುವ ಕ್ರಮ ನಿಮ್ಮಲ್ಲಿ ತಲೆಕೆಳಗಾಗಿದೆ. ಮೊದಲು ತಳದ ನಡುವೆ ಬ್ಲೇಡಿನ ಸೀಳು ಕೊಯ್ದು ಆಮೇಲೆ ಫೆನ್ಸ್ ಹಚ್ಚಿ ಎಂದಿದ್ದೀರಿ, ಹಾಗೆ ಮಾಡಿದರೆ ತಳ ಎರಡು ತುಂಡಾಗಿ ಕೈಗೆ ಬರುತ್ತದೆ. ರನ್ನರ್ ಆದ ಮೇಲೆ ಮುಂದಿನ ಫೆನ್ಸ್, ಅಂದರೆ ನಿಮ್ಮಿಂದ ದೂರದ್ದು. ಅದು ಎರಡು ಭಾಗಗಳನ್ನು ಹಿಡಿದಿಡಲಿಕ್ಕಷ್ಟೇ, ಅಲ್ಲಿ ನಿಖರತೆ ಬೇಡ. ನಂತರ ಬ್ಲೇಡ್ ಎತ್ತಿ, ಹಿಂದಿನ ಅಂಚಿಗೆ ನಾಲ್ಕು ಇಂಚು ಉಳಿಯುವವರೆಗೆ ಸೀಳು. ಕೊನೆಗೆ ಹಿಂದಿನ ಫೆನ್ಸ್, ಬಲತುದಿಗೆ ಒಂದೇ ಸ್ಕ್ರೂ, ಎಡತುದಿಗೆ ಕ್ಲ್ಯಾಂಪ್. ಬಲದ ಸ್ಕ್ರೂ ಕೀಲಿನಂತೆ ಕೆಲಸ ಮಾಡಬೇಕು.

ಇಲ್ಲಿಂದ ಮುಂದೆ ಲೇಖನದ ಜೀವಾಳ. ಅದಕ್ಕೆ ನೀವು ಕೊಟ್ಟದ್ದು ಒಂದೇ ವಾಕ್ಯ: ‘ಗುಣ್ಯಾ ಇಟ್ಟು ಸರಿಯಾಗಿ 90 ಡಿಗ್ರಿ ಮಾಡಿಕೊಳ್ಳಿ.’ ಆರು ಇಂಚಿನ ಗುಣ್ಯಾದ, ಅಂದರೆ ಮೂಲೆಮಟ್ಟದ, ತುದಿಯಲ್ಲಿ 0.1 ಮಿ.ಮೀ. ಸಂದು ಕಣ್ಣಿಗೆ ಬೀಳುವುದಿಲ್ಲ, ಎರಡಡಿ ಹಲಗೆ ಕೊಯ್ದಾಗ ಅದೇ 0.4 ಆಗುತ್ತದೆ. ಗುಣ್ಯಾವೇ ಸರಿಯಿದೆ ಎಂದು ಯಾರು ಹೇಳಬೇಕು? ಗುಣ್ಯಾದಿಂದ ಮಾಡಿದ್ದು ಬರೀ ಅಂದಾಜು, ಆಮೇಲೆ ಐದು ಕೊಯ್ತದ ಪರೀಕ್ಷೆ. 320 ಮಿ.ಮೀ. ಚೌಕದ ಎಂಡಿಎಫ್ (ಕಟ್ಟಿಗೆಯ ನಾರು ಒತ್ತಿ ಮಾಡಿದ ಹಲಗೆ) ತುಂಡನ್ನು ಬ್ಲೇಡಿನ ಎಡಕ್ಕೆ, ಹಿಂದಿನ ಫೆನ್ಸಿಗೆ ಒತ್ತಿ ಹಿಡಿದು ಬಲ ಅಂಚನ್ನು ತೆಳ್ಳಗೆ ಕೊಯ್ಯಬೇಕು. ಈಗ ಕೊಯ್ದ ಅಂಚು ಫೆನ್ಸಿಗೆ ಬರುವಂತೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ ಎರಡನೆಯದು, ಹಾಗೇ ಮೂರು, ನಾಲ್ಕು. ಐದನೆಯ ಸಲ ಮೊದಲು ಕೊಯ್ದ ಅಂಚೇ ಮತ್ತೆ ಬಲಕ್ಕೆ ಬಂದಿರುತ್ತದೆ. ಈ ಸಲ ಒಂದು ಇಂಚು ಅಗಲದ ಪಟ್ಟಿ ಬೀಳುವ ಹಾಗೆ ಕೊಯ್ದು, ಅದು ಬೀಳುವ ಮೊದಲೇ ದೂರದ ತುದಿ, ಹತ್ತಿರದ ತುದಿ ಎಂದು ಗುರುತು ಹಾಕಿಡಬೇಕು. ಪ್ರತಿ ಕೊಯ್ತವೂ ಹಿಂದಿನದರ ಓರೆಯ ಮೇಲೆ ತನ್ನ ಓರೆ ಸೇರಿಸುವುದರಿಂದ ಪಟ್ಟಿಯಲ್ಲಿ ನಾಲ್ಕು ಪಟ್ಟು ತಪ್ಪು ಕಾಣುತ್ತದೆ. ಬರಿಗಣ್ಣಿಗೆ ಕಾಣದ್ದು ವರ್ನಿಯರಿಗೆ ಸಿಗುವುದು ಹೀಗೆ.

ಲೆಕ್ಕವನ್ನು ಅಂಕಿ ಹಾಕಿ ತೋರಿಸಿ, ಸೂತ್ರ ಮಾತ್ರ ಕೊಟ್ಟರೆ ಅರ್ಧ ಜನ ಬಿಡುತ್ತಾರೆ. ಪಟ್ಟಿ 300 ಮಿ.ಮೀ. ಉದ್ದ. ಹತ್ತಿರದ ತುದಿ 25.6, ದೂರದ ತುದಿ 25.0. ವ್ಯತ್ಯಾಸ 0.6, ನಾಲ್ಕರಿಂದ ಭಾಗಿಸಿದರೆ 0.15. ಅಂದರೆ 300 ಮಿ.ಮೀ.ಗೆ 0.15ರ ಓರೆ. ಕೀಲಿನ ಸ್ಕ್ರೂದಿಂದ ಎಡತುದಿಗೆ 560 ಇದ್ದರೆ, ಅಲ್ಲಿ 0.28 ಸರಿಸಬೇಕು. ಹತ್ತಿರದ ತುದಿ ದಪ್ಪ ಬಂದರೆ ಫೆನ್ಸಿನ ಎಡತುದಿ ನಿಮ್ಮ ಕಡೆ ಜಗ್ಗಿದೆ, ಮುಂದಕ್ಕೆ ದೂಡಬೇಕು. ದೂರದ ತುದಿ ದಪ್ಪ ಬಂದರೆ ತಮ್ಮ ಕಡೆಗೆ ಎಳೆದುಕೊಳ್ಳಬೇಕು. ಕೊನೆಯ ಈ ಎರಡು ವಾಕ್ಯಗಳಿಲ್ಲದೆ ಓದುಗ ಉಲ್ಟಾ ಸರಿಸಿ ತಪ್ಪನ್ನು ಇಮ್ಮಡಿ ಮಾಡಿಕೊಳ್ಳುತ್ತಾನೆ.

0.28 ಸರಿಸುವುದು ಹೇಗೆ? ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸಡಿಲ ನೋಡುವ ಫೀಲರ್ ಗೇಜ್, ಅಂದರೆ ದಪ್ಪ ಬರೆದಿರುವ ತೆಳು ಉಕ್ಕಿನ ಎಲೆಗಳ ಕಟ್ಟು, ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಎಡತುದಿಯ ಮುಂದೆ 0.25ರ ಎಲೆ ಇಟ್ಟು, ಅದಕ್ಕೆ ತಾಗಿಸಿ ಒಂದು ಮರದ ತುಂಡನ್ನು ತಳಕ್ಕೆ ಕ್ಲ್ಯಾಂಪ್ ಮಾಡಿ, ಎಲೆ ಎಳೆದು ತೆಗೆದು, ಫೆನ್ಸನ್ನು ಆ ತುಂಡಿಗೆ ಮುಟ್ಟುವಷ್ಟು ದೂಡಿದರಾಯಿತು. ಉಳಿದ 0.03ನ್ನು ಕಟ್ಟಿಗೆ ಕೇಳುವುದಿಲ್ಲ. ಎಡತುದಿಗೆ ಮೊದಲೇ ಸ್ಕ್ರೂ ಹಾಕಿದ್ದರೆ, ಫೆನ್ಸ್ ಬಿಗಿಯುವಾಗ ಅದೇ ತೂತಿಗೆ ಸ್ಕ್ರೂ ಹಾಕಬಾರದು, ಅದು ಹಳೆಯ ಜಾಗಕ್ಕೇ ಎಳೆದುಕೊಂಡು ಹೋಗುತ್ತದೆ. ಪಕ್ಕದಲ್ಲಿ ಹೊಸ ತೂತು ಬೇಕು. ಆಮೇಲೆ ಮತ್ತೊಮ್ಮೆ ಐದು ಕೊಯ್ತ. ನಾಲ್ಕರಿಂದ ಭಾಗಿಸಿದ ಮೇಲೆ 0.05 ಒಳಗೆ ಬಂದರೆ ಸಾಕು, ಅದಕ್ಕಿಂತ ಮುಂದೆ ಹೋಗುವುದು ಚಟ. ಈ ಪರೀಕ್ಷೆಯಲ್ಲಿ ಗೆದ್ದ ಮೇಲೆಯೇ ಉಳಿದ ಸ್ಕ್ರೂ. ಫೆನ್ಸಿಗೆ ಅಂಟು ಬೇಡ, ಮುಂದೆ ಮತ್ತೆ ಸರಿಪಡಿಸಬೇಕಾದೀತು.

ಇನ್ನು ನಾವು ಯಾವ ಕಾರಣಕ್ಕೂ ಅಚ್ಚು ಹಾಕದ ಸಾಲುಗಳು. ‘ಎಲ್ಲ ತುಂಡೂ ಒಂದೇ ಅಳತೆ ಬರಲು ಹಲಗೆಯ ತುದಿಯನ್ನು ರಿಪ್ ಫೆನ್ಸಿಗೆ ತಾಗಿಸಿ ಕೊಯ್ಯಿರಿ.’ ರಿಪ್ ಫೆನ್ಸ್ ಅಂದರೆ ಬ್ಲೇಡಿಗೆ ಸಮಾನಾಂತರವಾಗಿ ಟೇಬಲ್ಲಿನ ಮೇಲೆ ಬಿಗಿಯುವ ಪಟ್ಟಿ. ಹೀಗೆ ಮಾಡಿದರೆ ಕೊಯ್ದ ತುಂಡು ಬ್ಲೇಡ್ ಮತ್ತು ರಿಪ್ ಫೆನ್ಸ್ ನಡುವೆ ಸಿಕ್ಕಿಕೊಳ್ಳುತ್ತದೆ, ಅದನ್ನು ಹಿಡಿದವರು ಯಾರೂ ಇರುವುದಿಲ್ಲ. ತುಸು ಓರೆಯಾದರೂ ಮೇಲಕ್ಕೆ ಏಳುತ್ತಿರುವ ಹಿಂದಿನ ಹಲ್ಲುಗಳು ಅದನ್ನು ಎತ್ತಿ ನಿಂತವನ ಹೊಟ್ಟೆಗೆ ಎಸೆಯುತ್ತವೆ. ಕಿಕ್‌ಬ್ಯಾಕ್ ಅನ್ನುವುದು ಇದಕ್ಕೇ. ಅಳತೆಯ ಸ್ಟಾಪ್ ಸ್ಲೆಡ್‌ನ ಫೆನ್ಸಿನ ಮೇಲಿರಬೇಕು, ಕೈ ಹಿಡಿದ ಕಡೆಗೇ ಇರಬೇಕು. ಎರಡನೆಯದು ‘ದಪ್ಪ ಕೈಗವಸು ಹಾಕಿಕೊಳ್ಳಿ’. ತಿರುಗುವ ಬ್ಲೇಡಿನ ಹತ್ತಿರ ಕೈಗವಸು ಬೆರಳಿನ ಬದಲು ಇಡೀ ಕೈಯನ್ನು ಎಳೆದುಕೊಳ್ಳುತ್ತದೆ. ಕನ್ನಡಕ, ಮಾಸ್ಕ್, ಕಿವಿಗೆ ರಕ್ಷಣೆ, ಇಷ್ಟು ಸಾಕು. ಮೂರನೆಯದು ಫೆದರ್‌ಬೋರ್ಡ್ (ಕಟ್ಟಿಗೆಯನ್ನು ಒತ್ತಿ ಹಿಡಿಯುವ ಬಾಚಣಿಗೆಯಂಥ ಹಲಗೆ) ಚಿತ್ರ: ಅದನ್ನು ಬ್ಲೇಡಿನ ಪಕ್ಕಕ್ಕೇ ಕೂರಿಸಿದ್ದೀರಿ. ಅಲ್ಲಿ ಒತ್ತಿದರೆ ಸೀಳು ಮುಚ್ಚಿ ಬ್ಲೇಡನ್ನು ಕಚ್ಚುತ್ತದೆ. ಅದು ಬ್ಲೇಡಿನ ಮುಂಚೆಯೇ ಮುಗಿಯಬೇಕು. ಫೆದರ್‌ಬೋರ್ಡ್ ಈ ಲೇಖನದಿಂದ ಹೋಗುತ್ತದೆ, ಆದರೂ ಮುಂದಿನದರಲ್ಲಿ ಇದು ಮರುಕಳಿಸಬಾರದು.

ನೀವು ಬರೆಯದೆ ಬಿಟ್ಟ ಅಪಾಯವೊಂದು ನಮ್ಮ ಊರುಗಳಿಗೆ ವಿಶೇಷವಾಗಿ ಹೊಂದುತ್ತದೆ. ಕೊಯ್ಯುವಾಗ ನಡುವೆ ಕರೆಂಟ್ ಹೋದರೆ, ಸ್ವಿಚ್ ಆನ್ ಇದ್ದ ಯಂತ್ರ ಕರೆಂಟ್ ಬಂದೊಡನೆ ತಾನಾಗಿಯೇ ಶುರುವಾಗುತ್ತದೆ, ಆಗ ಕೈ ಬ್ಲೇಡಿನ ಮೇಲಿರಬಹುದು. ಮಗುಚಿ ಬಿಗಿದ ಕಟ್ಟರ್‌ಗಳಲ್ಲಿ ಟ್ರಿಗರನ್ನು ಪಟ್ಟಿಯಿಂದ ಕಟ್ಟಿಯೇ ಇಡುವುದು ರೂಢಿ, ಹಾಗಾಗಿ ಅಲ್ಲಿ ಇದು ಇನ್ನೂ ಕೆಟ್ಟದ್ದು. ಕರೆಂಟ್ ಹೋದರೆ ತಾನೇ ಆಫ್ ಆಗಿ, ಮತ್ತೆ ಹಸಿರು ಗುಂಡಿ ಒತ್ತುವವರೆಗೂ ಸುಮ್ಮನಿರುವ ನೋ-ವೋಲ್ಟ್ ಸ್ವಿಚ್ಚನ್ನು ಟೇಬಲ್ಲಿಗೆ ಹಚ್ಚಬೇಕು ಎಂಬುದು ಸಾಮಗ್ರಿ ಪಟ್ಟಿಯಲ್ಲೇ ಬರಲಿ. ಲೇಖನದ ಕೊನೆಯಲ್ಲಿ ‘ಎಚ್ಚರಿಕೆಗಳು’ ಎಂದು ಪ್ರತ್ಯೇಕ ಪ್ಯಾರಾ ಬೇಡ, ಅದನ್ನು ಯಾರೂ ಓದುವುದಿಲ್ಲ. ಅಪಾಯ ಯಾವ ಹಂತದಲ್ಲಿದೆಯೋ ಆ ಹಂತದಲ್ಲೇ ಹೇಳಿ.

ಪುಶ್ ಸ್ಟಿಕ್ ಬಗ್ಗೆ ನಿಮ್ಮ ಪ್ಯಾರಾ ಹಾಗೇ ಇರಲಿ, ಉದ್ದ ಮಾತ್ರ 300 ಮಿ.ಮೀ.ಗಿಂತ ಕಡಿಮೆ ಬೇಡ.

ಭಾಷೆಯ ವಿಷಯ ಎರಡೇ ಮಾತು. ‘ಪಟ್ಟಿಯನ್ನು ಅಂಟಿಸಲಾಗುವುದು’, ‘ಫೆನ್ಸನ್ನು ಅಳವಡಿಸಲ್ಪಡಬೇಕು’ ಎಂಬ ಟೆಂಡರ್ ನೋಟಿಸಿನ ಧಾಟಿ ಬಿಡಿ, ‘ಅಂಟಿಸಿ’, ‘ಹಚ್ಚಿ’ ಸಾಕು. ಒಂದು ಕಡೆ ಇಂಚು, ಇನ್ನೊಂದು ಕಡೆ ಸೂತು, ಮತ್ತೊಂದು ಕಡೆ ಮಿ.ಮೀ. ಹಾಕಿದ್ದೀರಿ. ಬಡಿಗೇರರು ಹಾಗೆ ಮಾತಾಡುವುದು ನಿಜ, ಅಂಗಡಿಯಲ್ಲಿ ಕೇಳುವ ಅಳತೆ ಇಂಚು, ಸೂತಿನಲ್ಲೇ ಇರಲಿ, ಕೊಯ್ಯುವ ಅಳತೆಗಳೆಲ್ಲ ಮಿ.ಮೀ.ನಲ್ಲಿ ಬರಲಿ.

ತಿದ್ದಿದ ಲೇಖನ 1200 ಪದ ಮೀರದಿರಲಿ. ಚಿತ್ರಗಳು ನಾಲ್ಕು ಸಾಕು: ತಳದ ಅಡಿಭಾಗ, ಕೀಲಿನ ಸ್ಕ್ರೂ, ಗುರುತು ಹಾಕಿದ ಐದನೆಯ ಪಟ್ಟಿ, ಫೀಲರ್ ಗೇಜ್ ಇಟ್ಟ ಎಡತುದಿ. ಪ್ರತಿಯೊಂದರಲ್ಲೂ ಸ್ಟೀಲ್ ಸ್ಕೇಲ್ ಕಾಣಬೇಕು, ಯಂತ್ರ ಕಾಣುವ ಚಿತ್ರದಲ್ಲಿ ಪ್ಲಗ್ ಕಿತ್ತಿರುವುದೂ ಕಾಣಬೇಕು. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ, ಸ್ಕೇಲಿನ ಗೆರೆಗಳು ಮಸುಕಾಗುತ್ತವೆ. ಮೂಲ ಫೈಲನ್ನೇ ಇಮೇಲ್ ಮಾಡಿ.

ಇತಿ,
ಸಂಪಾದಕ
ಬೆಳಗಾವಿ