ಗುಳಿಗೆಯ ಜೊತೆಗೇ ಬಂದ ಜೂಜಿನ ಗೀಳು

ಪಣಕ್ಕೆಂದು ಇಸ್ಪೀಟಿನ ಎಲೆಯನ್ನೂ ಮುಟ್ಟಿರದ ಹಿರಿಯರೊಬ್ಬರು ವರ್ಷದಿಂದೀಚೆಗೆ ಆನ್‌ಲೈನ್ ಜೂಜಿನಲ್ಲಿ ಉಳಿತಾಯದ ಬಹುಪಾಲನ್ನು ಕಳೆದುಕೊಂಡಿದ್ದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಬ್ಯಾಂಕಿನಿಂದ ಮೊಬೈಲಿಗೆ ಬಂದ ಸಂದೇಶಗಳನ್ನು ಅವರ ಪತ್ನಿ ಒಂದು ಹಾಳೆಯಲ್ಲಿ ಬರೆದುಕೊಂಡು, ಪತಿಯೊಂದಿಗೆ ನನ್ನ ಬಳಿ ಬಂದಿದ್ದರು, ಹೆಚ್ಚಿನವು ರಾತ್ರಿ 1ರಿಂದ 3 ಗಂಟೆಯ ನಡುವಿನವು. “ಇವರ ಸ್ವಭಾವವೇ ಹೀಗಿತ್ತೇ? ಇಷ್ಟು ವರ್ಷ ನನಗೆ ತಿಳಿಯಲೇ ಇಲ್ಲವೇ?” ಎಂದು ಆಕೆ ಕೇಳಿದರು. ಅವರು ತಲೆ ತಗ್ಗಿಸಿ ಕುಳಿತಿದ್ದರು.

ಅವರ ಬಲಗೈ ನಡುಗುತ್ತಿದ್ದುದನ್ನು ಕಂಡು ಔಷಧಿಗಳ ಬಗ್ಗೆ ವಿಚಾರಿಸಿದೆ. ಪಾರ್ಕಿನ್ಸನ್ ಕಾಯಿಲೆಗೆ ಪ್ರಾಮಿಪೆಕ್ಸೋಲ್ ಗುಳಿಗೆ ಆರಂಭವಾಗಿ, ಅದರ ಪ್ರಮಾಣ ಹೆಚ್ಚಿದ ಕೆಲವೇ ತಿಂಗಳಲ್ಲಿ ಈ ಗೀಳು ಹತ್ತಿತ್ತು.

ಈ ಕಾಯಿಲೆಯಲ್ಲಿ ನಡುಮೆದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾದಲ್ಲಿರುವ, ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ಸಾಯುತ್ತ ಹೋಗುವುದರಿಂದ, ಚಲನೆಯನ್ನು ನಿಭಾಯಿಸುವ, ಮೆದುಳಿನ ಆಳದ ಭಾಗವಾದ ಸ್ಟ್ರಯೇಟಮ್‌ನ ಮೇಲ್ಭಾಗಕ್ಕೆ ಆ ರಾಸಾಯನಿಕದ ಕೊರತೆಯುಂಟಾಗುತ್ತದೆ. ಬಯಕೆ ಮತ್ತು ಲಾಭದ ನಿರೀಕ್ಷೆಗೆ ಸಂಬಂಧಿಸಿದ ಕೆಳಭಾಗ, ಅಂದರೆ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಇರುವ ಭಾಗ, ಆರಂಭದಲ್ಲಿ ಅಷ್ಟಾಗಿ ಸೊರಗಿರುವುದಿಲ್ಲ. ಡೋಪಮೈನ್‌ನಂತೆ ವರ್ತಿಸುವ ಈ ಗುಳಿಗೆ, ಒಣಗಿದ ಮಡಿಗೆಂದು ಬಿಟ್ಟ ನೀರು ಪಕ್ಕದ ತುಂಬಿದ ಮಡಿಗೂ ನುಗ್ಗುವಂತೆ, ಅಲ್ಲಿ ಹೇರಳವಾಗಿರುವ, ಡೋಪಮೈನ್ ಸಂದೇಶವನ್ನು ಸ್ವೀಕರಿಸುವ ಡಿ3 ಗ್ರಾಹಕಗಳನ್ನು ಅತಿಯಾಗಿ ಪ್ರಚೋದಿಸಬಲ್ಲದು. ಆಗ ಗೆಲುವಿನ ಆಸೆ ಕೆರಳುತ್ತದೆ, ಸೋಲಿನಿಂದ ಕಲಿಯುವ ಶಕ್ತಿ ಮಂಕಾಗುತ್ತದೆ. 2010ರಲ್ಲಿ ಪ್ರಕಟವಾದ 3,090 ರೋಗಿಗಳ ಅಧ್ಯಯನದಲ್ಲಿ, ಈ ವರ್ಗದ ಔಷಧಿ ಸೇವಿಸುತ್ತಿದ್ದವರ ಪೈಕಿ ಶೇ. 17.1ರಷ್ಟು, ಸೇವಿಸದವರ ಪೈಕಿ ಶೇ. 6.9ರಷ್ಟು ಮಂದಿಯಲ್ಲಿ ಜೂಜು, ಅತಿಖರೀದಿ, ಅತಿಕಾಮ ಅಥವಾ ಹತೋಟಿಯಿಲ್ಲದ ತಿನ್ನುವಿಕೆ ಕಂಡುಬಂದಿತ್ತು.

“ಹಾಗಾದರೆ ಇಂದೇ ಗುಳಿಗೆ ಬಿಡುತ್ತೇನೆ” ಎಂದರು. ಅದು ಕೂಡದೆಂದು ಒತ್ತಿ ಹೇಳಿದೆ. ತಟ್ಟನೆ ನಿಲ್ಲಿಸಿದರೆ ಮೈ ಬಿಗಿತ ಹೆಚ್ಚುವುದಲ್ಲದೆ ತೀವ್ರ ಆತಂಕ, ಖಿನ್ನತೆಗಳೂ ಕಾಡಬಹುದು. ಪತ್ನಿಯ ಹಾಳೆಯೊಂದಿಗೆ ಕೂಡಲೇ ನರರೋಗ ತಜ್ಞರನ್ನು ಕಂಡು ಏನನ್ನೂ ಮುಚ್ಚಿಡದೆ ಹೇಳಬೇಕು, ಅಲ್ಲಿಯವರೆಗೆ ಖಾತೆಗಳ ನಿರ್ವಹಣೆಯನ್ನು ಪತ್ನಿಗೆ ಒಪ್ಪಿಸಬೇಕು, ಜೂಜಿನ ಆ್ಯಪ್‌ಗಳನ್ನು ತೆಗೆದುಹಾಕಬೇಕು ಎಂದು ಸಲಹೆ ನೀಡಿದೆ. ನಾಚಿಕೆಯಿಂದಾಗಿ ಅವರು ವೈದ್ಯರಿಗೆ ಒಂದು ಮಾತನ್ನೂ ತಿಳಿಸಿರಲಿಲ್ಲ. ಗೀಳಿಗೆ ಔಷಧಿ ಕಾರಣವಾಗಿದ್ದರೂ ಸುಳ್ಳು ಹೇಳಿ ಮರೆಮಾಚಿದ್ದಕ್ಕೆ ಪತ್ನಿಗೆ ಉತ್ತರ ಕೊಡಬೇಕಾದವರು ನೀವೇ ಎಂದೂ ಹೇಳಿದೆ. ಮೆದುಳಿನ ವಿವರಣೆ ಆಕೆಯ ನೋವನ್ನು ಬದಿಗೊತ್ತುವ ನೆಪವಾಗುವುದು ನನಗೆ ಸರಿಕಾಣಲಿಲ್ಲ.

ತಜ್ಞರು ಗುಳಿಗೆಯನ್ನು ಹಂತಹಂತವಾಗಿ ಇಳಿಸಿ, ಮೆದುಳಿನಲ್ಲಿ ಡೋಪಮೈನ್ ಆಗಿ ಮಾರ್ಪಡುವ ಲೆವೊಡೋಪಾ ಎಂಬ ಔಷಧಿಯ ಪ್ರಮಾಣವನ್ನು ಹೊಂದಿಸಿದರು. ನಡುಕ ತುಸು ಹೆಚ್ಚಾಯಿತು, ಜೂಜಿನ ತುಡಿತ ಕ್ರಮೇಣ ತಗ್ಗಿತು. ಖಾತೆ ಈಗಲೂ ಪತ್ನಿಯ ಕೈಯಲ್ಲಿದೆ. ಮುಚ್ಚಿಟ್ಟ ಆ ರಾತ್ರಿಗಳ ಬಗ್ಗೆ ಇಬ್ಬರೂ ಒಟ್ಟಿಗೆ ಕುಳಿತು ಮಾತನಾಡುವ ಭೇಟಿಗಳು ಮುಂದುವರಿದಿವೆ.